21 ಅಂಕಿಯ ಸಂಖ್ಯೆಯನ್ನು ಮನೆಯಲ್ಲೇ ಒಡೆದ ಬಗೆ

147573952589676412927. 2ರ 67ನೇ ಘಾತದಿಂದ 1 ಕಳೆದರೆ ಇದು ಬರುತ್ತದೆ. ಫ್ರಾನ್ಸಿನ ಗಣಿತಜ್ಞ ಮರ್ಸೆನ್ 1644ರಲ್ಲಿ ಇದನ್ನು ಅವಿಭಾಜ್ಯಗಳ ಪಟ್ಟಿಗೆ ಸೇರಿಸಿದ್ದರು. ಅಲ್ಲ, ಇದು ಸಂಯುಕ್ತ ಸಂಖ್ಯೆ ಎಂದು ಲ್ಯೂಕಾ 1876ರಲ್ಲಿ ತೋರಿಸಿದರು. ಆದರೆ ಒಂದೇ ಒಂದು ಅಪವರ್ತನವನ್ನೂ ಅವರು ಕೊಡಲಿಲ್ಲ.

ತೀರ್ಥಹಳ್ಳಿಯಲ್ಲಿ ಸಂಜೆ ಹೊತ್ತು ಗಣಿತದ ಟ್ಯೂಷನ್ ಮಾಡುತ್ತೇನೆ. ಈ ಕೊನೆಯ ಮಾತು ಮಕ್ಕಳಿಗೆ ಹಿಡಿಸಲೇ ಇಲ್ಲ. "ಯಾವುದರಿಂದ ಭಾಗ ಹೋಗ್ತದೆ ಅಂತ ಗೊತ್ತಿಲ್ದೆ, ಭಾಗ ಹೋಗ್ತದೆ ಅನ್ನೋದು ಎಂತ ಲೆಕ್ಕ ಸಾರ್?" ಎಂದಳು ಒಬ್ಬಳು. ನ್ಯಾಯವಾದ ಪ್ರಶ್ನೆ.

ಬೋರ್ಡಿನ ಮೇಲೆ ಸಣ್ಣದರಿಂದ ಶುರು ಮಾಡಿದೆ. 2ರ ಘಾತದಿಂದ 1 ಕಳೆದ ಇಂಥ ಸಂಖ್ಯೆಗಳಿಗೆ ಲ್ಯೂಕಾ ಬಳಸಿದ ವಿಧಾನವನ್ನು ಲೇಮರ್ 1930ರಲ್ಲಿ ಸರಳ ಮಾಡಿದ್ದಾರೆ. 4 ತಗೊಳ್ಳಿ. ವರ್ಗ ಮಾಡಿ, 2 ಕಳೆಯಿರಿ, ಪರೀಕ್ಷಿಸುವ ಸಂಖ್ಯೆಯಿಂದ ಭಾಗಿಸಿ ಶೇಷ ಮಾತ್ರ ಇಟ್ಟುಕೊಳ್ಳಿ. ಘಾತಾಂಕಕ್ಕಿಂತ ಎರಡು ಕಡಿಮೆ ಸಲ ಹೀಗೆ ಮಾಡಿ. ಕೊನೆಗೆ ಸೊನ್ನೆ ಬಂದರೆ ಅವಿಭಾಜ್ಯ, ಬರದಿದ್ದರೆ ಸಂಯುಕ್ತ. ಘಾತಾಂಕ ಮಾತ್ರ ಬೆಸ ಅವಿಭಾಜ್ಯವಾಗಿರಬೇಕು. 127ಕ್ಕೆ (ಘಾತಾಂಕ 7) ಮಾಡಿದರೆ 4, 14, 67, 42, 111, 0. ಅವಿಭಾಜ್ಯ. 2047ಕ್ಕೆ (ಘಾತಾಂಕ 11) ಮಾಡಿದರೆ ಕೊನೆಗೆ 1736 ಉಳಿಯುತ್ತದೆ. ಸಂಯುಕ್ತ ಹೌದು, ಆದರೆ ಯಾವುದರ ಗುಣಲಬ್ಧ ಎಂಬ ಸುಳಿವು ಆ 1736ರಲ್ಲಿ ಇಲ್ಲ. ನಮ್ಮ ದೊಡ್ಡ ಸಂಖ್ಯೆಗೂ ಲ್ಯಾಪ್‌ಟಾಪಿನಲ್ಲಿ 65 ಸಲ ಇದನ್ನೇ ಮಾಡಿದೆವು. ಸೊನ್ನೆ ಬರಲಿಲ್ಲ.

ಇನ್ನು ಒಡೆಯುವ ಕೆಲಸ. ಇದರ ವರ್ಗಮೂಲವೇ ಸುಮಾರು 1,215 ಕೋಟಿ. ಸುಮ್ನೆ ಒಂದೊಂದರಿಂದಲೇ ಭಾಗಿಸುತ್ತಾ ಹೋದರೆ ಮುಗಿಯುವ ಮಾತಲ್ಲ. ಆದರೆ ಎಲ್ಲ ಅವಿಭಾಜ್ಯಗಳೂ ಇದನ್ನು ಭಾಗಿಸಲಾರವು, ಒಂದು ಬಗೆಯವು ಮಾತ್ರ. ಇದನ್ನು ಭಾಗಿಸುವ ಒಂದು ಅವಿಭಾಜ್ಯ q ಇದೆ ಅನ್ನಿ. 2ರ 67ನೇ ಘಾತವನ್ನು qನಿಂದ ಭಾಗಿಸಿದರೆ ಶೇಷ 1. 67 ಅವಿಭಾಜ್ಯವಾದ್ದರಿಂದ ಅದಕ್ಕಿಂತ ಚಿಕ್ಕ ಘಾತದಲ್ಲಿ ಶೇಷ 1 ಬರುವುದಿಲ್ಲ. ಫರ್ಮಾ ಪ್ರಮೇಯದ ಪ್ರಕಾರ 2ರ (q-1)ನೇ ಘಾತಕ್ಕೂ ಶೇಷ 1. ಹಾಗಾಗಿ q-1 ಎಂಬುದು 67ರ ಅಪವರ್ತ್ಯವಾಗಲೇಬೇಕು. q ಬೆಸ, ಅಂದರೆ q-1 ಸಮ. ಆದ್ದರಿಂದ q ಯಾವಾಗಲೂ 134k+1 ರೂಪದಲ್ಲೇ ಇರುತ್ತದೆ. ಜೊತೆಗೆ 8ರಿಂದ ಭಾಗಿಸಿದಾಗ ಶೇಷ 1 ಅಥವಾ 7 ಇರಬೇಕು. ಇದರಿಂದ ಉಳಿದವುಗಳಲ್ಲೂ ಅರ್ಧ ಹೋದವು.

ಪೈಥಾನ್‌ನಲ್ಲಿ ಕೆಲವೇ ಸಾಲಿನ ಪ್ರೋಗ್ರಾಂ ಬರೆದೆ. 21 ಅಂಕಿಯನ್ನು ಭಾಗಿಸುವ ಗೊಡವೆಯೇ ಇಲ್ಲ. 2ನ್ನು ವರ್ಗ ಮಾಡುತ್ತಾ, ಪ್ರತಿ ಸಲ qನಿಂದ ಶೇಷ ತೆಗೆಯುತ್ತಾ 67ನೇ ಘಾತಕ್ಕೆ ಹೋಗಿ, ಶೇಷ 1 ಬಂತಾ ಎಂದು ನೋಡಿದರೆ ಸಾಕು. ಸುಮಾರು 7.2 ಲಕ್ಷ ಸಂಖ್ಯೆ ನೋಡಿದ ಮೇಲೆ, k 1445580 ಆದಾಗ ಉತ್ತರ ಬಿತ್ತು: 193707721. ಕೆಲವೇ ಸೆಕೆಂಡಿನ ಕೆಲಸ. ಭಾಗಿಸಿದರೆ ಇನ್ನೊಂದು 761838257287.

ಈ ಎರಡನೆಯದು ಮತ್ತೆ ಒಡೆಯುತ್ತದಾ? ನನಗೆ ಜಾಸ್ತಿ ಖುಷಿ ಕೊಟ್ಟದ್ದು ಇದೇ. ಅದರ ವರ್ಗಮೂಲ ಸುಮಾರು 8.73 ಲಕ್ಷ. ಒಡೆಯುವುದಾದರೆ ಅದಕ್ಕಿಂತ ಚಿಕ್ಕ ಅಪವರ್ತನ ಇರಬೇಕು. ಅದು ನಮ್ಮ ಸಂಖ್ಯೆಯನ್ನೂ ಭಾಗಿಸಬೇಕು, ಅಲ್ವಾ? 19.37 ಕೋಟಿವರೆಗಿನ ದಾರಿಯಲ್ಲಿ ಅಂಥದ್ದು ಸಿಕ್ಕಿಲ್ಲ. ಹಾಗಾದರೆ ಇದೂ ಅವಿಭಾಜ್ಯ. ಬೇರೆ ಪರೀಕ್ಷೆಯೇ ಬೇಡ.

ಇವೇ ಅಪವರ್ತನಗಳನ್ನು ಅಮೆರಿಕದ ಕೋಲ್ 1903ರಲ್ಲಿ ಕೈಲೆಕ್ಕದಲ್ಲೇ ಕೊಟ್ಟಿದ್ದರು. ಮೂರು ವರ್ಷದ ಭಾನುವಾರಗಳು ಅದಕ್ಕೇ ಹೋದವು ಎಂದು ಕತೆ ಹೇಳುತ್ತಾರೆ. ಮಕ್ಕಳಿಂದ ಗುಣಾಕಾರವನ್ನು ಪೂರ್ತಿ ಕೈಯಲ್ಲೇ ಮಾಡಿಸಿದೆ. ಗೊಣಗಿದರು, ಮಾಡಿದರು.

ಈಗ ಅವರಿಗೆ 101ನೇ ಘಾತ ಬೇಕಂತೆ. "ರಾತ್ರಿಯಿಡೀ ಓಡಿಸುವ ಸಾರ್." ಅದರ ಚಿಕ್ಕ ಅಪವರ್ತನ 7432339208719. ಇದೇ ದಾರಿಯಲ್ಲಿ ಹೋದರೆ k ಸುಮಾರು 3,679 ಕೋಟಿವರೆಗೆ ಏರಬೇಕು. ಆಷಾಢದ ಮಳೆಯಲ್ಲಿ ಇಲ್ಲಿ ರಾತ್ರಿಯಿಡೀ ಕರೆಂಟ್ ಇರುವುದೇ ಅಪರೂಪ. ಅದಕ್ಕೇ ಅಪವರ್ತನ ಬೇಗ ಹುಡುಕಲು ಪೊಲಾರ್ಡ್ 1975ರಲ್ಲಿ ಕೊಟ್ಟ ರೋ ವಿಧಾನವನ್ನು ಕಲಿಸಲು ಶುರು ಮಾಡಿದ್ದೇನೆ. ಅದರಲ್ಲಿ ಕೆಲವು ದಶಲಕ್ಷ ಹೆಜ್ಜೆಗಳಲ್ಲೇ ಸಿಗಬಹುದು.