ಮಣ್ಣಿನ ಗೋಡೆಗೆ ಚಾನೆಲ್ ಶೆಲ್ಫ್: ನನ್ನ ಅನುಭವ

ಮಡಿಕೇರಿ ಕಡೆಯ ಹಳೆ ಮನೆಗಳಿಗೆ ಚಾನೆಲ್-ಬ್ರಾಕೆಟ್ ಶೆಲ್ಫ್ ಆಗಿಬರುವುದಿಲ್ಲ ಅಂತ ನನಗೆ ಹೇಳದವರೇ ಇಲ್ಲ. ಸಾಲಾಗಿ ಕಿಂಡಿಗಳಿರುವ ಉದ್ದನೆಯ ಲೋಹದ ಪಟ್ಟಿಯೇ ಚಾನೆಲ್, ಆ ಕಿಂಡಿಗೆ ಸಿಕ್ಕಿಸಿ ಹಲಗೆ ಹೊರಿಸುವ ತೋಳು ಬ್ರಾಕೆಟ್. ಹಾಕಿದ ಮೇಲೆ ಮಳೆಗಾಲಗಳು ಬಂದು ಹೋದವು. ನಮ್ಮದು ಒಂದು ನೂಲೂ ಕದಲಿಲ್ಲ. ಬೇಕಾದಾಗ ಹಲಗೆ ಮೇಲೆ ಕೆಳಗೆ ಮಾಡಿಕೊಳ್ಳುತ್ತೇವೆ. ಡ್ರಿಲ್ ಹಿಡಿಯುವುದು, ರಸಮಟ್ಟ ನೋಡುವುದು ನಿಮಗೆ ಗೊತ್ತಿರುತ್ತದೆ, ಅದನ್ನು ಬಿಡುತ್ತೇನೆ.

ತೊಂದರೆ ಇದ್ದದ್ದು ಗೋಡೆಯಲ್ಲಿ. ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ, ಮೇಲೆ ಸುಣ್ಣದ ಗಾರೆ. ಕುಶಾಲನಗರದಲ್ಲಿರುವ ನಮ್ಮ ಭಾವ ತಮ್ಮ ಮನೆಯಲ್ಲಿ ಸ್ಕ್ರೂ ಹಿಡಿಯಲು ತೂತಿಗೆ ಹಾಕುವ 8 ಎಂಎಂ ಪ್ಲಗ್ ಹೊಡೆದು ಅರ್ಧ ದಿನದಲ್ಲಿ ಕೆಲಸ ಮುಗಿಸಿದ್ದರು. ಅವರದು ಸಿಮೆಂಟ್ ಬ್ಲಾಕ್ ಗೋಡೆ, ಆ ಕಡೆ ಮಳೆಯೂ ಕಡಿಮೆ. ಇಲ್ಲಿ ಹಾಗಲ್ಲ. ಬಿಟ್ ಒತ್ತುವುದೇ ಬೇಡ, ತಾನೇ ಒಳಗೆ ಹೋಗುತ್ತದೆ. ಪ್ಲಗ್ ಕೂತ ಹಾಗೆ ಕಾಣುತ್ತದೆ, ಸ್ಕ್ರೂ ಬಿಗಿ ಮಾಡಲು ಹೋದರೆ ಎರಡೂ ಸೇರಿ ಗಿರಗಿರ ತಿರುಗುತ್ತವೆ.

ಆಮೇಲೆ ಕೆಮಿಕಲ್ ಆಂಕರ್, ಅಂದರೆ ತೂತಿಗೆ ತುಂಬುವ ಗಟ್ಟಿ ಅಂಟು, ತಂದೆ. ಟ್ಯೂಬಿಗೆ 800ರ ಹತ್ತಿರ ಕೊಟ್ಟ ನೆನಪು. ಅಂಟು ಕಲ್ಲಿನಷ್ಟೇ ಗಟ್ಟಿಯಾಯಿತು, ಅದರ ಮೇಲೆ ದೂರಿಲ್ಲ. ಭಾರ ಬಿದ್ದಾಗ ಅಂಟಿನ ಸಮೇತ ಮುಷ್ಟಿ ಗಾತ್ರದ ಮಣ್ಣಿನ ಹೆಂಟೆಯೇ ಕಿತ್ತುಕೊಂಡು ಬಂತು. ಮೇಲಿದ್ದದ್ದು ಜೇನಿನ ಬಾಟಲಿಗಳು. ಜೇನು ಲೀಟರಿಗೆ ಹತ್ತಿರ ಹತ್ತಿರ 1.4 ಕಿಲೋ ತೂಗುತ್ತದೆ. ಲೀಟರಿನ 20 ಬಾಟಲಿ ಸಾಲಾಗಿ ಇಟ್ಟರೆ ಗಾಜಿನ ತೂಕ ಬಿಟ್ಟೇ 28 ಕಿಲೋ. ನೆಲ ಎಷ್ಟು ಒರೆಸಿದರೂ ಇರುವೆ ಸಾಲು ಬಹಳ ದಿನ ಬಿಡಲಿಲ್ಲ. ಮೇಸ್ತ್ರಿ ಬಂದು ನೋಡಿ, "ಸಾರ್, ಈ ಗೋಡೆ ಹಲ್ಲಿ ಹತ್ತೋಕೆ ಸರಿ, ಶೆಲ್ಫಿಗಲ್ಲ. ಬೀರು ಮಾಡಿಸಿ" ಅಂದರು. 35 ಸಾವಿರ ಕೇಳಿದರು.

ಅವರ ಮಾತಿನಲ್ಲಿ ಅರ್ಧ ನಿಜ ಇತ್ತು. ಭಾರ ಗೋಡೆಗೆ ಕೊಡಲೇಬಾರದು, ನೆಲಕ್ಕೆ ಇಳಿಸಬೇಕು. ಶೆಲ್ಫ್ ಮುಂದಕ್ಕೆ ಬಗ್ಗದ ಹಾಗೆ ಮೇಲೆ ಒಂದು ಹಿಡಿತ ಸಿಕ್ಕರೆ ಸಾಕು. ಅಟ್ಟದ ತೊಲೆಗಳು ಇರುವುದು ಯಾಕೆ?

ಹಿಂದೆ ಹೆಂಚು ತೆಗೆದು ಶೀಟ್ ಹಾಕಿಸಿದಾಗ ಉಳಿದ ಮತ್ತಿ ಮರದ ಪಕ್ಕಾಸುಗಳು, ಅಂದರೆ ಮಾಡಿಗೆ ಹಾಕುವ ಉದ್ದನೆಯ ಮರಗಳು, ಸೌದೆ ಕೊಟ್ಟಿಗೆಯಲ್ಲಿದ್ದವು. ಅಜ್ಜನ ಕಾಲದ ಮರ. ಬಾಗುವುದೆಲ್ಲ ಯಾವತ್ತೋ ಬಾಗಿ ಮುಗಿದಿದೆ. ನೆಟ್ಟಗಿದ್ದ ನಾಲ್ಕನ್ನು ಆರಿಸಿ, ಒಂದೊಂದು ತೊಲೆಯ ಪಕ್ಕಕ್ಕೆ ಒಂದೊಂದನ್ನು ನಿಲ್ಲಿಸಿ, ಅಡ್ಡಕ್ಕೆ ತೂತು ಕೊರೆದು ಬೋಲ್ಟ್ ಹಾಕಿದೆ. ಕೆಳಗೆ ಗ್ರಾನೈಟ್ ಚೂರು. ಮರ ನೇರವಾಗಿ ನೆಲಕ್ಕೆ ತಾಗಿದರೆ ಗೆದ್ದಲಿಗೆ ದಾರಿ ಮಾಡಿಕೊಟ್ಟ ಹಾಗೆ, ಅಲ್ವಾ? ಕಲ್ಲಿದ್ದರೂ ಅದು ಹತ್ತಬಹುದು. ಆದರೆ ಕಲ್ಲಿನ ಮೇಲೆ ಮಣ್ಣಿನ ಗೆರೆ ಕಟ್ಟಿಕೊಂಡೇ ಬರಬೇಕು, ಗುಡಿಸುವಾಗ ಕಣ್ಣಿಗೆ ಬೀಳುತ್ತದೆ. ಗೋಡೆಗೂ ಪಕ್ಕಾಸಿಗೂ ನಡುವೆ ಒಂದಿಂಚು ಜಾಗ ಬಿಟ್ಟಿದ್ದೇನೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ದಾಟುವ ಮಳೆಯ ಊರಿದು. ಗಾಳಿ ಆಡದಿದ್ದರೆ ಜುಲೈ ಹೊತ್ತಿಗೆ ಹಿಂಬದಿಯೆಲ್ಲ ಬೂಷ್ಟು.

ಚಾನೆಲನ್ನು ಈ ಪಕ್ಕಾಸುಗಳಿಗೆ ಹೊಡೆದೆ. ಮತ್ತಿಗೆ ಸ್ಟೀಲ್ ಸ್ಕ್ರೂ ನೇರವಾಗಿ ಬಿಟ್ಟರೆ ತಲೆ ಮುರಿಯುತ್ತದೆ. ಮೊದಲು ತೂತು, ಆಮೇಲೆ ಅದೇ ಅಳತೆಯ ಕಬ್ಬಿಣದ ಸ್ಕ್ರೂ ಒಮ್ಮೆ ಹಾಕಿ ಬಿಚ್ಚಿ, ಕೊನೆಗೆ ಸ್ಟೀಲ್. ಸ್ಕ್ರೂಗೆ ನಾನು ಹಚ್ಚುವುದೊಂದಿದೆ. ಅದು ಏನು ಅಂತ ಮೇಸ್ತ್ರಿಗೂ ಹೇಳಿಲ್ಲ, ಇಲ್ಲೂ ಬರೆಯುವುದಿಲ್ಲ.

ಚಾನೆಲ್ ಕತ್ತರಿಸುವಾಗ ನಾಲ್ಕನ್ನೂ ಒಂದೇ ತುದಿಯಿಂದ ಕತ್ತರಿಸಿ. ಅಂಗಡಿಯ ಹುಡುಗ ಒಂದನ್ನು ತಿರುಗಿಸಿ ಕತ್ತರಿಸಿದ್ದ. ಅದರ ಕಿಂಡಿಗಳು ಉಳಿದ ಮೂರಕ್ಕೆ ಹೊಂದಲೇ ಇಲ್ಲ, 350 ರೂಪಾಯಿ ಗುಜರಿಗೆ ಹೋಯಿತು. ನಮ್ಮ ನೆಲ ಒಂದು ಕಡೆಗೆ ಒಂದಿಂಚಿಗಿಂತ ಜಾಸ್ತಿಯೇ ಇಳಿದಿದೆ. ಅದಕ್ಕೆ ಚಾನೆಲಿನ ತುದಿ ನೋಡದೆ, ನೀರಿನ ಟ್ಯೂಬ್ ಹಿಡಿದು ಮೇಲಿನ ಮೊದಲ ಕಿಂಡಿಗಳನ್ನು ಒಂದೇ ಮಟ್ಟಕ್ಕೆ ತಂದೆ.

ಹಲಗೆಯಲ್ಲಿ ಆಟ ಆಡಿದ್ದೇ ಆಡಿದ್ದು. ಮನೆಯಲ್ಲಿದ್ದ ಪಾರ್ಟಿಕಲ್ ಬೋರ್ಡ್ ಮೊದಲ ಮಳೆಗೇ ಅಂಚು ಉಬ್ಬಿ ಪುಡಿಯಾಯಿತು. ತೋಟದ ಸಿಲ್ವರ್ ಓಕ್ ಕೊಯ್ಯಿಸಿ ಹಾಕಿದೆ, ಪುಕ್ಕಟೆ ಅಲ್ವಾ ಅಂತ. ಸರಿಯಾಗಿ ಒಣಗದ ಹಲಗೆ ಆಗಸ್ಟ್ ಹೊತ್ತಿಗೆ ದೋಣಿ ಥರ ಬಾಗಿತು. ಈಗಿರುವುದು ನೀರು ತಡೆಯುವ 710 ಗ್ರೇಡಿನ 18 ಎಂಎಂ ಪ್ಲೈ. ಒಂದು ಶೀಟಿನಲ್ಲಿ ಆರಡಿಯ ನಾಲ್ಕು ಹಲಗೆ ಬಂದವು. ಕತ್ತರಿಸಿದ ಅಂಚಿಗೆಲ್ಲ ಎರಡು ಕೋಟ್ ಎನಾಮಲ್ ಬೇಕೇ ಬೇಕು. ನಮ್ಮ ತೊಲೆಗಳ ನಡುವೆ ಹೆಚ್ಚುಕಮ್ಮಿ 22 ಇಂಚು, ಬ್ರಾಕೆಟ್ ಅಂತರವೂ ಅದೇ. ಜೇನಿಡುವುದಾದರೆ ಇದಕ್ಕಿಂತ ಜಾಸ್ತಿ ಬಿಡಬೇಡಿ.

ನಡುವೆ ಇನ್ನೊಂದು ಪ್ರಯೋಗ. ಪುಸ್ತಕದ ಹಲಗೆಯ ಹಿಂದೆ 15 ವ್ಯಾಟಿನ ಹಳೆ ಬಲ್ಬ್ ಉರಿಸಿಟ್ಟೆ. ಪುಸ್ತಕ ಬೆಚ್ಚಗಿದ್ದವು, ಬೂಷ್ಟು ನಿಜವಾಗಿಯೂ ಕಡಿಮೆಯಾಯಿತು. ಆದರೆ ಅದು ಹೆಚ್ಚು ಬೇಕಾಗುವ ದಿನಗಳಲ್ಲೇ ಕರೆಂಟ್ ಇರುವುದಿಲ್ಲ. ಕಾಚಂಪುಳಿ (ಅಡುಗೆಗೆ ಹಾಕುವ ಕೊಡಗಿನ ಕಪ್ಪು ಹುಳಿ ರಸ) ಬಾಟಲಿಯ ಕೆಳಗೆ ಒಂದು ತಟ್ಟೆ ಇಡಿ. ಅದು ಸೋರಿದ ಕಡೆ ಬ್ರಾಕೆಟ್ ಬಣ್ಣ ಎದ್ದು ತುಕ್ಕು ಹಿಡಿದಿದೆ.

ಖರ್ಚು ಬಾಯಿಲೆಕ್ಕ: ಪ್ಲೈ 3,800, ಚಾನೆಲ್ 1,400, 16 ಬ್ರಾಕೆಟ್‌ಗೆ 1,300, ಬೋಲ್ಟು, ಸ್ಕ್ರೂ, ಪೇಂಟ್ ಎಲ್ಲ ಸೇರಿ ಇನ್ನೊಂದು ಸಾವಿರ. ಏಳೂವರೆ ಸಾವಿರ ಅಂದುಕೊಳ್ಳಿ. ಅದಕ್ಕೂ ಮೊದಲು ಹಾಳಾದದ್ದು ಮೂರು ಸಾವಿರ ಇರಬಹುದು, ಹೆಂಡತಿಯ ಲೆಕ್ಕದಲ್ಲಿ ಐದು.

25 ಕಿಲೋದ ಎರಡು ಅಕ್ಕಿ ಮೂಟೆ ಒಂದೇ ಹಲಗೆಯ ಮೇಲೆ ರಾತ್ರಿಯಿಡೀ ಇಟ್ಟು ನೋಡಿದ ಮೇಲೆ ಮೇಸ್ತ್ರಿಯನ್ನು ಕಾಫಿಗೆ ಕರೆದೆ. ಅಲ್ಲಾಡಿಸಿ ನೋಡಿದರು, ಏನೂ ಹೇಳಲಿಲ್ಲ. ಮುಂದಿನ ತಿಂಗಳು ಬೇರೆ ಯಾರದೋ ಮನೆಯಲ್ಲಿ ಹೀಗೇ ಪಕ್ಕಾಸು ನಿಲ್ಲಿಸಿದ್ದಾರೆ ಅಂತ ಸುದ್ದಿ ಬಂತು. ಭಾವ ಮಾತ್ರ ಇದು ಗೋಡೆ ಶೆಲ್ಫೇ ಅಲ್ಲ ಅಂತ ಈಗಲೂ ವಾದ ಮಾಡುತ್ತಾರೆ.

ಬ್ರಾಕೆಟ್ ನಾಲ್ಕೈದು ಜಾಸ್ತಿಯೇ ತಂದಿಟ್ಟುಕೊಳ್ಳಿ. ಒಂದು ಕಂಪನಿಯ ಕೊಂಡಿ ಇನ್ನೊಂದರ ಕಿಂಡಿಗೆ ಕೂರುವುದಿಲ್ಲ. ಆಮೇಲೆ ಹೋದರೆ ಅಂಗಡಿಯವರು "ಆ ಮಾಲು ಈಗ ಬರ್ತಿಲ್ಲ" ಅನ್ನುತ್ತಾರೆ.