ಆಟಗಾರನ ಅಮಾನತಿನ ವಿರುದ್ಧ ಮೇಲ್ಮನವಿ: ಕ್ಲಬ್ ನಿರ್ಧರಿಸುವ ಬಗೆ

ಆಟಗಾರನಿಗೆ ಕೆಂಪು ಕಾರ್ಡ್ ಸಿಕ್ಕ ಕೂಡಲೇ ಕ್ಲಬ್‌ನ ಪದಾಧಿಕಾರಿಗಳು ಮಾಡಬೇಕಾದ ಮೊದಲ ಕೆಲಸವೆಂದರೆ, ರೆಫರಿಯ ವರದಿಯನ್ನು ತರಿಸಿಕೊಂಡು ಅದರಲ್ಲಿ ಯಾವ ತಪ್ಪು ನಮೂದಾಗಿದೆ ಎಂದು ಓದುವುದು. ಕಾರ್ಡಿನ ಬಣ್ಣ ಒಂದೇ ಆದರೂ ಶಿಕ್ಷೆ ಒಂದೇ ಅಲ್ಲ. ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆಯಾದ ಎಫ್‌ಎ ನಿಯಮಗಳಲ್ಲಿ, ಗೋಲಿನ ಸ್ಪಷ್ಟ ಅವಕಾಶವನ್ನು ಅಕ್ರಮವಾಗಿ ತಡೆದವನಿಗೆ ಸಾಮಾನ್ಯವಾಗಿ 1 ಪಂದ್ಯ, ನಿಂದನೆಯ ಮಾತಿಗೆ 2, ಅಪಾಯಕಾರಿ ಟ್ಯಾಕಲ್‌ಗೆ (ಚೆಂಡು ಕಸಿಯಲು ಎದುರಾಳಿಯ ಮೇಲೆ ನುಗ್ಗುವುದಕ್ಕೆ) ಅಥವಾ ಹಿಂಸಾತ್ಮಕ ವರ್ತನೆಗೆ 3 ಪಂದ್ಯಗಳ ಅಮಾನತು ಬೀಳುತ್ತದೆ. ಮುಂದಿನ ಪಂದ್ಯ ನಿರ್ಣಾಯಕವಲ್ಲದಿದ್ದರೆ, ಒಂದು ಪಂದ್ಯದ ಶಿಕ್ಷೆಯನ್ನು ಅನುಭವಿಸಿ ಮುಗಿಸುವುದೇ ಲೇಸೆಂದು ನನ್ನ ಅಭಿಪ್ರಾಯ.

ಮೂರು ಪಂದ್ಯಗಳ ಮಾತು ಬೇರೆ. ಅಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆ, ರೆಫರಿ ಕಟ್ಟುನಿಟ್ಟಾಗಿ ನಡೆದುಕೊಂಡರೇ ಎಂಬುದಲ್ಲ. ಯಾರು ನೋಡಿದರೂ ಒಪ್ಪುವಂಥ ತಪ್ಪನ್ನು ಅವರು ಮಾಡಿದ್ದಾರೆಂದು ವಿಡಿಯೊದಿಂದ ತೋರಿಸಬಹುದೇ ಎಂಬುದು. 2019ರ ನವೆಂಬರ್‌ನಲ್ಲಿ ಎವರ್ಟನ್ ವಿರುದ್ಧ ಟಾಟೆನ್‌ಹ್ಯಾಮ್‌ನ ಸನ್ ಹ್ಯೂಂಗ್-ಮಿನ್ ಮಾಡಿದ ಟ್ಯಾಕಲ್‌ನ ನಂತರ ಆಂಡ್ರೆ ಗೋಮ್ಸ್ ಅವರ ಪಾದದ ಕೀಲು ಮುರಿಯಿತು, ಸನ್‌ಗೆ ಕೆಂಪು ಕಾರ್ಡ್ ಸಿಕ್ಕಿತು. ಗಾಯ ಘೋರವಾಗಿತ್ತು, ಆದರೆ ಟ್ಯಾಕಲ್ ಅಷ್ಟು ಘೋರವಾಗಿರಲಿಲ್ಲ. ಆದ್ದರಿಂದ ಮೇಲ್ಮನವಿ ಗೆದ್ದಿತು. ಮರು ತಿಂಗಳೇ ಚೆಲ್ಸಿ ವಿರುದ್ಧ ನೆಲಕ್ಕೆ ಬಿದ್ದಿದ್ದ ಸನ್, ಆಂಟೋನಿಯೊ ರೂಡಿಗರ್ ಅವರತ್ತ ಬೂಟನ್ನು ಎತ್ತಿದ್ದಕ್ಕೆ ಹೊರಹೋದಾಗ ಅದೇ ಕ್ಲಬ್ ಸಲ್ಲಿಸಿದ ಮೇಲ್ಮನವಿ ಸೋತಿತು. ಒಬ್ಬನೇ ಆಟಗಾರ, ಒಂದೇ ಕ್ಲಬ್. ಪುರಾವೆ ಮಾತ್ರ ಬೇರೆ. ಮೇಲ್ಮನವಿ ಬರೆಯುವ ಮುನ್ನ ಈ ಎರಡು ದೃಶ್ಯಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿ, ನಿಮ್ಮ ಪ್ರಕರಣ ಯಾವುದನ್ನು ಹೋಲುತ್ತದೆಂದು ಪ್ರಾಮಾಣಿಕವಾಗಿ ತೂಗಿ ನೋಡುವುದು ಒಳ್ಳೆಯದು.

ರೆಫರಿ ಆಟಗಾರನನ್ನೇ ತಪ್ಪಾಗಿ ಗುರುತಿಸಿದ್ದರೆ ಹಿಂಜರಿಯುವ ಅಗತ್ಯವಿಲ್ಲ. 2014ರ ಮಾರ್ಚ್‌ನಲ್ಲಿ ಚೆಂಡನ್ನು ಕೈಯಿಂದ ತಡೆದವರು ಆರ್ಸೆನಲ್‌ನ ಆಕ್ಸ್‌ಲೇಡ್-ಚೇಂಬರ್ಲೇನ್, ಹೊರಹೋದವರು ಕೀರನ್ ಗಿಬ್ಸ್. ಎಫ್‌ಎ ಗಿಬ್ಸ್ ಮೇಲಿನ ಶಿಕ್ಷೆಯನ್ನು ರದ್ದುಮಾಡಿತು. ಆದರೆ ಮೇಲ್ಮನವಿ ಗೆದ್ದ ಮಾತ್ರಕ್ಕೆ ಪಂದ್ಯದ ಫಲಿತಾಂಶ ಬದಲಾಗುವುದಿಲ್ಲ. 2024ರಲ್ಲಿ ಬ್ರೂನೊ ಫರ್ನಾಂಡಿಸ್ ಅವರ ಕೆಂಪು ಕಾರ್ಡ್ ರದ್ದಾದರೂ ಮ್ಯಾಂಚೆಸ್ಟರ್ ಯುನೈಟೆಡ್‌ನ 0–3 ಸೋಲು ಹಾಗೆಯೇ ಉಳಿಯಿತು.

ಸೋತರೆ ಏನಾಗಬಹುದೆಂಬುದನ್ನೂ ಲೆಕ್ಕ ಹಾಕಬೇಕು. 2010ರಲ್ಲಿ ರಿಯೊ ಫರ್ಡಿನೆಂಡ್ ಹಿಂಸಾತ್ಮಕ ವರ್ತನೆಯ ಆರೋಪವನ್ನು ಅಲ್ಲಗಳೆದಾಗ, ಆ ವಾದಕ್ಕೆ ಹುರುಳಿಲ್ಲವೆಂದು ಕಂಡ ಸಮಿತಿ 3 ಪಂದ್ಯಗಳ ಶಿಕ್ಷೆಯನ್ನು 4ಕ್ಕೆ ಏರಿಸಿತು. ಉದ್ದೀಪನ ಮದ್ದಿನ ಪ್ರಕರಣಗಳಲ್ಲಂತೂ ಎದುರಿನವರೂ ಮೇಲ್ಮನವಿ ಸಲ್ಲಿಸಬಹುದು: ಪೆರುವಿನ ಪಾವ್ಲೊ ಗೆರೆರೊ ಅವರ ಶಿಕ್ಷೆಯನ್ನು ವಿಶ್ವ ಫುಟ್‌ಬಾಲ್ ಸಂಸ್ಥೆಯಾದ ಫಿಫಾದ ಮೇಲ್ಮನವಿ ಸಮಿತಿ 1 ವರ್ಷದಿಂದ 6 ತಿಂಗಳಿಗೆ ಇಳಿಸಿತ್ತು, ಅವರೂ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯಾದ ವಾಡಾವೂ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿಗೆ ಹೋದ ಮೇಲೆ, 2018ರ ಮೇ ತಿಂಗಳಲ್ಲಿ ಅದು 14 ತಿಂಗಳಾಯಿತು.

ಕ್ಲಬ್‌ಗಳು ಹೆಚ್ಚಾಗಿ ಎಡವುವುದು ಏನನ್ನು ಕೇಳಬೇಕೆಂಬ ವಿಷಯದಲ್ಲಿ. ಪೂರ್ತಿ ಬಿಡುಗಡೆ ಸಿಗದ ಕಡೆ ಶಿಕ್ಷೆಯ ಒಂದು ಭಾಗವನ್ನಾದರೂ ಸಡಿಲಿಸುವಂತೆ ಪ್ರತ್ಯೇಕವಾಗಿ ಕೋರಬೇಕು. 2014ರ ವಿಶ್ವಕಪ್‌ನಲ್ಲಿ ಜಾರ್ಜೊ ಕಿಯೆಲ್ಲಿನಿಯನ್ನು ಕಚ್ಚಿದ ಲೂಯಿಸ್ ಸುವಾರೆಜ್ ಅವರ ತಪ್ಪು ಎಲ್ಲರ ಕಣ್ಣೆದುರೇ ನಡೆದಿತ್ತು. ಆದರೂ ಬಾರ್ಸಿಲೋನಾ ಅವರ ಜೊತೆ ನಿಂತು ನ್ಯಾಯಮಂಡಳಿಗೆ ಹೋಯಿತು. 4 ತಿಂಗಳ ನಿಷೇಧ ಉಳಿಯಿತು, ಆದರೆ ಅದು ಅಧಿಕೃತ ಪಂದ್ಯಗಳಿಗೆ ಸೀಮಿತವಾಗಿ, ತಂಡದೊಂದಿಗೆ ತರಬೇತಿ ಪಡೆಯಲು ಅನುಮತಿ ಸಿಕ್ಕಿತು. ಹೊಸ ತಂಡಕ್ಕೆ ಬಂದ ಆಟಗಾರನಿಗೆ ಅದು ಸಣ್ಣ ಲಾಭವಲ್ಲ.

ಕೊನೆಗೆ ಗಡುವು. ಫಿಫಾ ಶಿಸ್ತು ಸಂಹಿತೆಯಂತೆ, ಕಾರಣಸಹಿತ ಆದೇಶ ತಲುಪಿದ 3 ದಿನಗಳಲ್ಲಿ ಮೇಲ್ಮನವಿಯ ಉದ್ದೇಶವನ್ನು ಲಿಖಿತವಾಗಿ ತಿಳಿಸಿ, ನಂತರದ 5 ದಿನಗಳಲ್ಲಿ ವಾದಪತ್ರ ಸಲ್ಲಿಸಬೇಕು. ನಿಮ್ಮ ಸಂಸ್ಥೆಯ ಗಡುವು ಬೇರೆ ಇರಬಹುದಾದ್ದರಿಂದ ಅದರ ನಿಯಮಪುಸ್ತಕವನ್ನೇ ನೋಡಿ. ಮೇಲ್ಮನವಿ ಸಲ್ಲಿಸಿದ್ದರಿಂದ ಅಮಾನತು ತಾನಾಗಿ ತಡೆಯಾಯಿತೆಂದು ಭಾವಿಸಬಾರದು. ಲಿಖಿತ ಆದೇಶ ಕೈಸೇರುವವರೆಗೆ ಆಟಗಾರನನ್ನು ಕಣಕ್ಕಿಳಿಸಬೇಡಿ. 2015ರ ಡಿಸೆಂಬರ್‌ನಲ್ಲಿ ಹಿಂದಿನ ಋತುವಿನ ಅಮಾನತು ಬಾಕಿಯಿದ್ದ ಡೆನಿಸ್ ಚೆರಿಶೆವ್ ಅವರನ್ನು ಕಾಡಿಸ್ ವಿರುದ್ಧ ಆಡಿಸಿದ ರಿಯಲ್ ಮ್ಯಾಡ್ರಿಡ್, 3–1ರಿಂದ ಗೆದ್ದರೂ ಸ್ಪೇನ್‌ನ ಕೋಪಾ ಡೆಲ್ ರೇ ಟೂರ್ನಿಯಿಂದಲೇ ಹೊರಬಿತ್ತು. ನಮಗೆ ತಿಳಿಸಿರಲಿಲ್ಲ ಎಂಬ ಅದರ ಮೇಲ್ಮನವಿಯನ್ನು ಯಾರೂ ಒಪ್ಪಲಿಲ್ಲ.