ಅಸೈನ್‌ಮೆಂಟೇ ನನ್ನ ತರಗತಿ: ಪಂಚಾಯಿತಿ ಕೆಲಸದ ನಡುವೆ ಓದಿದ ಎಂ.ಎ.

ದೂರಶಿಕ್ಷಣಕ್ಕೆ ಸೇರಬೇಕೆಂದಿರುವವರು ನನ್ನಲ್ಲಿಗೆ ಬಂದಾಗ ಮೊದಲು ವಿಚಾರಿಸುವುದು ಪರೀಕ್ಷೆಯನ್ನು. ನಾನು ಅಸೈನ್‌ಮೆಂಟಿನ, ಅಂದರೆ ಕೊಟ್ಟ ಪ್ರಶ್ನೆಗಳಿಗೆ ಮನೆಯಲ್ಲೇ ಉತ್ತರ ಬರೆದು ಒಪ್ಪಿಸುವ ಕೆಲಸದ, ಮಾತು ತೆಗೆಯುತ್ತೇನೆ. ಗ್ರಾಮ ಪಂಚಾಯಿತಿಯಲ್ಲಿ ಲೆಕ್ಕ ಸಹಾಯಕನಾಗಿ ದುಡಿಯುತ್ತಲೇ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದಲ್ಲಿ, ಎಲ್ಲರೂ ಹೇಳುವ ಇಗ್ನೋದಲ್ಲಿ, ಸಾರ್ವಜನಿಕ ಆಡಳಿತದ ಎಂ.ಎ. ಮುಗಿಸಿದವನು ನಾನು. ಅಲ್ಲಿ ನನ್ನನ್ನು ಕೂರಿಸಿ ಪಾಠ ಕಲಿಸಿದ್ದು ಅಸೈನ್‌ಮೆಂಟ್‌ಗಳು.

ವ್ಯವಸ್ಥೆ ಸರಳವಾಗಿದೆ. ಜನವರಿ ಅಥವಾ ಜುಲೈ ಸರದಿಯಲ್ಲಿ ಪ್ರವೇಶ. ನೋಂದಣಿ ಸಂಖ್ಯೆಯ ಜೊತೆಗೆ ಒಂದು ಅಧ್ಯಯನ ಕೇಂದ್ರವೂ ಗೊತ್ತಾಗುತ್ತದೆ. ಅದು ಸಾಮಾನ್ಯವಾಗಿ ಯಾವುದಾದರೂ ಕಾಲೇಜಿನಲ್ಲಿರುತ್ತದೆ, ರಜಾ ದಿನಗಳಲ್ಲಿ ಅಲ್ಲಿ ಸಮಾಲೋಚನಾ ತರಗತಿಗಳು ನಡೆಯುತ್ತವೆ. ನನ್ನ ಕೋರ್ಸಿನಂಥವುಗಳಿಗೆ ಈ ತರಗತಿಗಳ ಹಾಜರಿ ಕಡ್ಡಾಯವಲ್ಲ, ಪ್ರಯೋಗಾಲಯವಿರುವ ವಿಷಯಗಳ ಮಾತು ಬೇರೆ. ಪಠ್ಯ ಅಂಚೆಯಲ್ಲಿ ಬರುತ್ತದೆ. ಇ-ಜ್ಞಾನಕೋಶ ಜಾಲತಾಣದಲ್ಲಿಯೂ ಅದೇ ಪಠ್ಯವನ್ನು ಉಚಿತವಾಗಿ ಓದಬಹುದು.

ಇಲ್ಲಿ ಒಂದು ಕ್ರೆಡಿಟ್ ಎಂದರೆ ಮೂವತ್ತು ಗಂಟೆಗಳ ಓದು. ಎಂಟು ಕ್ರೆಡಿಟ್‌ಗಳ ಒಂದು ವಿಷಯಕ್ಕೆ 240 ಗಂಟೆ. ಕೆಲಸದಲ್ಲಿರುವವರು ಪ್ರವೇಶಕ್ಕೆ ಮೊದಲೇ ಈ ಲೆಕ್ಕ ಹಾಕಿಕೊಳ್ಳಬೇಕು. ನನಗೆ ಒದಗುತ್ತಿದ್ದುದು ಬೆಳಗಿನ ಹೊತ್ತು. ಪಠ್ಯ ಇಂಗ್ಲಿಷಿನದು, ನಾನು ಪದವಿಯವರೆಗೆ ಕನ್ನಡ ಮಾಧ್ಯಮದವನು. ಪ್ರತಿ ಘಟಕವನ್ನು ಓದಿದ ಮೇಲೆ ಪುಸ್ತಕ ಮುಚ್ಚಿ, ಅದರ ವಾದವನ್ನು ಕನ್ನಡದಲ್ಲಿ ಹತ್ತು ಸಾಲು ಬರೆಯುತ್ತಿದ್ದೆ. ಬರೆಯಲು ಬಾರದಿದ್ದರೆ ಅರ್ಥವಾಗಿಲ್ಲವೆಂದೇ ಲೆಕ್ಕ, ಮತ್ತೆ ಓದು. ಇಂಗ್ಲಿಷಿನ ಉತ್ತರಗಳು ಹುಟ್ಟಿದ್ದು ಈ ಕನ್ನಡ ಸಾಲುಗಳಿಂದ. ಕನ್ನಡ ಮಾಧ್ಯಮದವರಿಗೆ ನಾನು ಹೇಳುವ ದಾರಿಗಳಲ್ಲಿ ಇದಕ್ಕೇ ಮೊದಲ ಸ್ಥಾನ.

ಈಗ ಅಸೈನ್‌ಮೆಂಟ್. ಒಟ್ಟು ಅಂಕದಲ್ಲಿ ಅದರ ಪಾಲು ನೂರಕ್ಕೆ ಮೂವತ್ತು, ಸತ್ರಾಂತ್ಯ ಪರೀಕ್ಷೆಯದು ಎಪ್ಪತ್ತು. ಎಂ.ಎ.ಯಲ್ಲಿ ಎರಡರಲ್ಲಿಯೂ ಬೇರೆ ಬೇರೆಯಾಗಿ ಶೇಕಡಾ 40 ಬರಬೇಕು. ಉತ್ತರಗಳನ್ನು ಕೈಯಲ್ಲೇ ಬರೆಯಬೇಕು, ಟೈಪ್ ಮಾಡಿದ್ದು ಸ್ವೀಕಾರವಾಗುವುದಿಲ್ಲ. ಆ ವರ್ಷದ ಪ್ರಶ್ನೆಗಳಿಗೆ ಆ ಅವಧಿಯಲ್ಲಿಯೇ ಉತ್ತರ ಕೊಡಬೇಕು. ಅವಧಿ ದಾಟಿದರೆ ಹೊಸ ಪ್ರಶ್ನೆಗಳಿಗೆ ಮೊದಲಿನಿಂದ ಬರೆಯಬೇಕು.

ನನಗೆ ಅದರ ಬೆಲೆ ತಿಳಿದದ್ದು ವಿಕೇಂದ್ರೀಕರಣ ಮತ್ತು ಸ್ಥಳೀಯ ಆಡಳಿತದ ವಿಷಯದಲ್ಲಿ. ಸಂವಿಧಾನದ 73ನೇ ತಿದ್ದುಪಡಿ, ಕರ್ನಾಟಕದ 1993ರ ಪಂಚಾಯತ್ ರಾಜ್ ಅಧಿನಿಯಮ, ಇವೆಲ್ಲ ನನ್ನ ಕಚೇರಿಯ ಕಡತಗಳ ಮೇಲೆ ದಿನವೂ ಕಾಣುವ ಹೆಸರುಗಳು. ಗ್ರಾಮ ಸಭೆಯ ಕುರಿತ ಉತ್ತರದಲ್ಲಿ ನಾನು ಕಂಡ ಸಭೆಗಳ ಉದಾಹರಣೆ ಕೊಟ್ಟಿದ್ದೆ: ಫಲಾನುಭವಿಗಳ ಆಯ್ಕೆಯ ದಿನ ಅಂಗಳ ತುಂಬುತ್ತದೆ, ಕ್ರಿಯಾ ಯೋಜನೆಯ ಚರ್ಚೆಗೆ ಬೆರಳೆಣಿಕೆಯ ಜನ ಉಳಿಯುತ್ತಾರೆ. ಮೌಲ್ಯಮಾಪಕರು ಅಂಚಿನಲ್ಲಿ ಬರೆದಿದ್ದರು: ‘ಹಾಗಾದರೆ ಆ ಯೋಜನೆಯನ್ನು ನಿರ್ಧರಿಸಿದವರು ಯಾರು? ಪಠ್ಯದ ಯಾವ ವಾದ ಇದನ್ನು ವಿವರಿಸುತ್ತದೆ?’ ಮುಖವನ್ನೂ ನೋಡದ ಒಬ್ಬ ಅಧ್ಯಾಪಕರ ಆ ಎರಡು ಪ್ರಶ್ನೆಗಳಿಗಾಗಿ ನಾನು ಇಡೀ ಬ್ಲಾಕನ್ನು, ಅಂದರೆ ಹಲವು ಘಟಕಗಳು ಸೇರಿದ ಪಠ್ಯಭಾಗವನ್ನು, ಮತ್ತೆ ಓದಿದೆ. ಮುಂದಿನ ವಾರ್ಡ್ ಸಭೆಯ ನಡಾವಳಿ ಬರೆಯುವಾಗ, ಬೇಡಿಕೆ ಇಟ್ಟವರು ಯಾರೆಂಬುದನ್ನೂ ದಾಖಲಿಸಬೇಕೆಂದು ನಮ್ಮ ಅಭಿವೃದ್ಧಿ ಅಧಿಕಾರಿಯವರನ್ನು ಕೇಳಿಕೊಂಡೆ. ಅವರು ಒಪ್ಪಿದರು.

ಆದ್ದರಿಂದಲೇ ಸಿದ್ಧ ಉತ್ತರಗಳ ವ್ಯಾಪಾರ ಕಂಡರೆ ನನಗೆ ಸಂಕಟವಾಗುತ್ತದೆ. ಹಣ ಕೊಟ್ಟರೆ ಬರೆದ ಪ್ರತಿಯೇ ಮನೆಗೆ ಬರುತ್ತದೆ. ಅಂಕವೂ ಬರಬಹುದು. ಆದರೆ ದೂರವಿದ್ದು ಓದುವವನಿಗೆ ಗುರುವಿನ ಕೈಬರಹ ಸಿಗುವುದು ಅದೊಂದೇ ಕಡೆ. ಅದನ್ನೂ ಮಾರಿಕೊಂಡರೆ ಉಳಿಯುವುದು ಪ್ರಮಾಣಪತ್ರ ಮಾತ್ರ.

ಸಮಯವನ್ನು ನಿಮ್ಮ ಉದ್ಯೋಗದ ಪಂಚಾಂಗಕ್ಕೆ ಹೊಂದಿಸಿಕೊಳ್ಳಿ. ಜೂನ್ ಪರೀಕ್ಷೆಯ ಅಸೈನ್‌ಮೆಂಟ್‌ಗಳನ್ನು ಕೊಡುವ ದಿನಗಳು ಆರ್ಥಿಕ ವರ್ಷ ಮುಗಿಯುವ ಹೊತ್ತಿಗೇ ಎದುರಾಗುತ್ತವೆ. ಕಂದಾಯ ವಸೂಲಿ, ಲೆಕ್ಕ ಮುಕ್ತಾಯ, ಎಲ್ಲವೂ ಮಾರ್ಚಿನಲ್ಲೇ. ಡಿಸೆಂಬರ್ ಪರೀಕ್ಷೆಯ ಸಿದ್ಧತೆಯ ಕಾಲಕ್ಕೆ ಜಮಾಬಂದಿ, ಅಂದರೆ ಪಂಚಾಯಿತಿಯ ಲೆಕ್ಕಪತ್ರ ಮತ್ತು ಕಾಮಗಾರಿಗಳ ವಾರ್ಷಿಕ ತಪಾಸಣೆ. ಹೀಗಾಗಿ ಸಂಕ್ರಾಂತಿಗೆ ಬರವಣಿಗೆ ಆರಂಭಿಸಿ ಶಿವರಾತ್ರಿಯ ಒಳಗೆ ಮುಗಿಸುವುದು ನನ್ನ ಕಟ್ಟಳೆಯಾಗಿತ್ತು. ಕೇಂದ್ರಕ್ಕೆ ಒಪ್ಪಿಸಿದಾಗ ಸ್ವೀಕೃತಿಯ ರಸೀದಿ ಪಡೆದು, ಉತ್ತರಗಳ ನಕಲನ್ನೂ ಇಟ್ಟುಕೊಳ್ಳಿ.

ಪರೀಕ್ಷೆಗೆ ಪ್ರತ್ಯೇಕ ಅರ್ಜಿ ಹಾಕಿ ಶುಲ್ಕ ಕಟ್ಟಬೇಕು. ಎರಡನೆಯ ವರ್ಷಕ್ಕೆ ಮರುನೋಂದಣಿ ಮಾಡಿಸಲು ಮೊದಲ ವರ್ಷದಲ್ಲಿ ಪಾಸಾಗಿರಲೇಬೇಕೆಂದಿಲ್ಲ. ಎರಡು ವರ್ಷದ ಎಂ.ಎ. ಮುಗಿಸಲು ನಾಲ್ಕು ವರ್ಷದವರೆಗೆ ಅವಕಾಶವಿದೆ. ಮನೆಯಲ್ಲಿ ಕಾಯಿಲೆ, ಕಚೇರಿಯಲ್ಲಿ ಚುನಾವಣೆ ಬಂದಾಗ ಒಂದೆರಡು ವಿಷಯಗಳನ್ನು ಮುಂದಿನ ಸರದಿಗೆ ಬಿಡುವುದರಲ್ಲಿ ಸಂಕೋಚ ಬೇಡ.

ಕನ್ನಡದಲ್ಲಿಯೇ ಉತ್ತರ ಬರೆಯಬೇಕೆನ್ನುವವರಿಗೆ ಮೈಸೂರಿನ ಮುಕ್ತಗಂಗೋತ್ರಿಯಲ್ಲಿರುವ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಿದೆ. ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲಿ ತೆರೆದ ಅಂಚೆ ಶಿಕ್ಷಣ ಸಂಸ್ಥೆಯೇ 1996ರಲ್ಲಿ ಸ್ವತಂತ್ರ ವಿಶ್ವವಿದ್ಯಾನಿಲಯವಾಯಿತು. ಎಲ್ಲಿಗೇ ಸೇರಿ, ಹಣ ಕಟ್ಟುವ ಮೊದಲು ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ದೂರಶಿಕ್ಷಣ ಬ್ಯೂರೋದ ಪಟ್ಟಿ ತೆಗೆದು ನೋಡಿ. ವಿಶ್ವವಿದ್ಯಾಲಯದ ಹೆಸರಿದ್ದರೆ ಸಾಲದು. ನಿಮ್ಮ ಕೋರ್ಸಿಗೆ, ನೀವು ಸೇರುವ ವರ್ಷಕ್ಕೆ ಮಾನ್ಯತೆ ಇರಬೇಕು. ಹಾಗೆ ಮಾನ್ಯತೆ ಪಡೆದ ದೂರಶಿಕ್ಷಣದ ಪದವಿ ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮಾನವೆಂದು ಯುಜಿಸಿ 2022ರಲ್ಲಿ ಸ್ಪಷ್ಟಪಡಿಸಿದೆ. ಕಚೇರಿಯಲ್ಲಿ ಯಾರಾದರೂ ತಕರಾರು ತೆಗೆದರೆ ತೋರಿಸಲು ಆ ಪ್ರಕಟಣೆಯ ಪ್ರತಿಯೊಂದನ್ನು ಅಂಕಪಟ್ಟಿಗಳ ಜೊತೆಗೇ ಇಟ್ಟುಕೊಂಡಿರಿ.